ತೊಟ್ಟಿಲು ತಿರುಗಿಸಿದ ಮಾವ

ನಮ್ಮ ಸೋದರಮಾವನವರಿಗೆ ಜನರ ಮುಖವೇ ಗೊತ್ತಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಹಿರಿಯೂರಿನ ಪೇಟೆಯಲ್ಲಿ ಅಷ್ಟು ವರ್ಷ ರುಮಾಲಿನ ಅಂಗಡಿ ಇಟ್ಟವರು, ದಿನಕ್ಕೆ ಹತ್ತಾರು ಗಿರಾಕಿಗಳೊಡನೆ ಹರಟುತ್ತಿದ್ದವರು, ಎದುರಿಗೆ ಬಂದು ನಿಂತವನನ್ನು "ಯಾರಪ್ಪ ನೀನು?" ಎಂದು ಕೇಳಿಬಿಡುತ್ತಿದ್ದರು! ಅವನು ಬೇಸರಪಟ್ಟು ಬೆನ್ನು ತಿರುಗಿಸಿ ಹೊರಟನೋ, ಕೂಡಲೇ ಹಿಂದಿನಿಂದ ಕೂಗು ಕೇಳುತ್ತಿತ್ತು: "ಓಹೋ, ನೀನೇನಲೇ! ಬಾ ಬಾ, ಕುಂತ್ಕ. ಮೊದಲೇ ಹಿಂಗೆ ತಿರುಗಿ ನಿಂತಿದ್ರೆ ಗುರುತು ಸಿಗ್ತಿರಲಿಲ್ವಾ?"

ಅವರ ಕಸುಬೇ ಹಾಗಿತ್ತು. ರುಮಾಲು ಮಾರುವುದಷ್ಟೇ ಅಲ್ಲ, ಸುತ್ತಿಕೊಡುವುದರಲ್ಲೂ ಅವರದು ಎತ್ತಿದ ಕೈ. ಕಚೇರಿಗೆ ಹೋಗುವವರು, ಮದುವೆಗೆ ಹೊರಟವರು, ದುರ್ಗಕ್ಕೆ ಕೋರ್ಟಿನ ಕೆಲಸಕ್ಕೆ ಹೊರಟವರು, ಎಲ್ಲರೂ ಅವರ ಮುಂದೆ ತಲೆ ಬಗ್ಗಿಸಲೇಬೇಕು. ಹೀಗೆ ಊರಿನ ತಲೆಗಳೆಲ್ಲ ಅವರ ಅಂಗೈಗೆ ಪರಿಚಯವಾಗಿದ್ದವು. ಯಾರ ತಲೆ ತೆಂಗಿನಕಾಯಿ, ಯಾರದು ಹಲಸಿನ ಕಾಯಿ, ಯಾರದು ಒಂದು ಕಡೆ ಕುಳಿತ ಬೆಲ್ಲದಚ್ಚು ಎಂಬುದನ್ನು ಅವರು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದರು.

ನಮ್ಮ ಅತ್ತೆ ತಮ್ಮ ಮದುವೆಯ ಕಥೆಯನ್ನು ಹೇಳಿಕೊಂಡು ನಗುವುದನ್ನು ನೀವು ಕೇಳಬೇಕಾಗಿತ್ತು. ಹೆಣ್ಣು ನೋಡಲು ಬಂದಾಗ ಮಾವ ಉಪ್ಪಿಟ್ಟು ತಿಂದರು, ನೀರು ಕುಡಿದರು, ಹದಿಮೂರರ ಹುಡುಗಿ ಬಂದು ನಮಸ್ಕಾರ ಮಾಡಿ ನಿಂತ ತಕ್ಷಣ, "ಒಸಿ ಹಿಂದಕ್ಕೆ ತಿರುಗಿ ನಿಂತ್ಕಳವ್ವ" ಎಂದರಂತೆ! ಹುಡುಗಿಗೆ ಅಳು, ಅವಳ ಅಪ್ಪನಿಗೆ ಸಿಟ್ಟು. ಮಾವನೋ ನೋಡಿದವರೇ, "ಎಂಥಾ ದುಂಡನೆ ತಲೆ! ನಂಗೆ ಒಪ್ಪಿಗೆ" ಎಂದು ಎದ್ದುಬಿಟ್ಟರಂತೆ. "ನನ್ನ ಮುಖ ಇವರು ಕಂಡಿದ್ದು ಮದ್ವೆಯಾಗಿ ಎಂಟು ದಿನಕ್ಕೆ ಕಣೇ. ಅದೂ ನಾನು ಬೈದಾಗ!" ಎನ್ನುತ್ತಿದ್ದರು ಅತ್ತೆ.

ಇಷ್ಟಾದರೆ ಕಸುಬಿನ ಹುಚ್ಚು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಆಗ ಊರಿಗೊಬ್ಬರು ಹೊಸ ಅಮಲ್ದಾರರು ಬಂದರು. ಅವರ ತಲೆಯ ಮೇಲೆ ಯಾರು ಸುತ್ತಿದರೂ ರುಮಾಲು ಮಧ್ಯಾಹ್ನದ ಹೊತ್ತಿಗೆ ಬಲಕ್ಕೆ ವಾಲಿಬಿಡುತ್ತಿತ್ತು. ದರ್ಪದಿಂದ ಹುಕುಂ ಕೊಡುವಾಗ ರುಮಾಲು ಕಿವಿಯ ಮೇಲೆ ಕುಳಿತಿದ್ದರೆ ಯಾರು ಹೆದರುತ್ತಾರೆ? ಮಾವನಿಗೆ ಕರೆ ಹೋಯಿತು. ಮಾವ ಅಮಲ್ದಾರರ ಸುತ್ತ ಮೂರು ಪ್ರದಕ್ಷಿಣೆ ಹಾಕಿದರು.

"ಸ್ವಾಮೇರು ಕೂಸಾಗಿದ್ದಾಗ ತೊಟ್ಟಿಲ ಬಲಗಡೆ ಏನಿತ್ತು?"

"ಏನಿತ್ತು ಅಂದರೆ? ನನಗೇನು ಗೊತ್ತು!"

"ಮನೇಲಿ ಹಿರೇರು ಇದ್ರೆ ಕೇಳಿಸ್ರಿ. ಕಿಟಕಿನೋ, ಒಲೇನೋ, ಏನೋ ಒಂದು ಇರ್ಲೇಬೇಕು."

ಅಮಲ್ದಾರರ ವಯಸ್ಸಾದ ತಾಯಿ ಒಳಗೇ ಇದ್ದರು. ಬಾಗಿಲ ಮರೆಯಿಂದಲೇ ಉತ್ತರ ಬಂತು: "ಹೌದಪ್ಪ, ಬಲಗಡೆ ಕೊಟ್ಟಿಗೆ ಇತ್ತು. ಮೂರು ಹೊತ್ತೂ ಎಮ್ಮೆ ನೋಡ್ತಾ ಮಲಗಿರ್ತಿದ್ದ."

ಮಾವ ತಲೆಯ ಬಲಹಿಂಬದಿಗೆ ಎರಡು ಮಡಿಕೆ ಹೆಚ್ಚಿಗೆ ಕೊಟ್ಟು ಸುತ್ತಿದರು. ಆವತ್ತಿನಿಂದ ರುಮಾಲು ಕೋಟೆಯ ಬುರುಜಿನ ಹಾಗೆ ನಿಂತಿತು. ಪಾಪ, ಅಮಲ್ದಾರರ ದರ್ಪ ಮಾತ್ರ ವಾಲಿಬಿಟ್ಟಿತು. ಅವರು ಗುಡುಗಿದಾಗಲೆಲ್ಲ ಗುಮಾಸ್ತರಿಗೆ ಆ ಎಮ್ಮೆ ನೆನಪಾಗುತ್ತಿತ್ತಂತೆ!

ಅಲ್ಲಿಂದ ಮಾವನ ಗಮನ ದೊಡ್ಡವರ ತಲೆ ಬಿಟ್ಟು ಕೂಸುಗಳ ತಲೆಗೆ ತಿರುಗಿತು. "ದೊಡ್ಡೋರ ತಲೆ ಮುಗಿದ ಕೆಲಸ. ಅದಕ್ಕೆ ಬಟ್ಟೆ ಸುತ್ತಿ ಮುಚ್ಚಬೋದು ಅಷ್ಟೇ. ಕೂಸಿನ ತಲೆ ಇನ್ನೂ ಹಸಿ. ಒಂದೇ ಕಡೆ ಒರಗಿದ್ರೆ ಒರಗಿದ ಕಡೆ ತಟ್ಟೆ ಆಗ್ತೈತೆ. ಅದು ಯಾಕೆ ಒಂದೇ ಕಡೆ ಒರಗ್ತೈತೆ? ಅದಕ್ಕೆ ಬೇಕಾದ್ದು ಆ ಕಡೆ ಐತೆ, ಅದಕ್ಕೆ!" ಇದು ಅವರ ಸಿದ್ಧಾಂತ. ಊರಿನಲ್ಲಿ ಹೆರಿಗೆಯಾದರೆ ಎಲ್ಲರೂ ಗಂಡೋ ಹೆಣ್ಣೋ ಎಂದು ಕೇಳುತ್ತಿದ್ದರೆ ಮಾವ ಕೇಳುತ್ತಿದ್ದುದು, "ಬಾಗಿಲು ಯಾವ ಕಡೆ?"

ಬಾಣಂತಿಯ ಮನೆಯಲ್ಲಿ ಗಂಡಸಿಗೇನು ಕೆಲಸ ಹೇಳಿ! ಅದರಲ್ಲೂ ಕೂಸುಗಳಿಗೆ ನೀರೆರೆಯುವ ಅಜ್ಜಿಯೊಬ್ಬಳಿದ್ದಳು. ಅರ್ಧ ಹಿರಿಯೂರು ಅವಳ ಕಾಲ ಮೇಲೆ ಮಲಗಿ ಎಣ್ಣೆ ತಿಕ್ಕಿಸಿಕೊಂಡು ಬೆಳೆದದ್ದು. ಅವಳು ಕೂಸಿನ ತಲೆಯನ್ನು ಎರಡೂ ಅಂಗೈಯಲ್ಲಿ ಒತ್ತಿ ಒತ್ತಿ ದುಂಡಗೆ ಮಾಡುತ್ತೇನೆಂದು ಹೊರಟರೆ, ಮಾವ ನಡುಮನೆಯಿಂದಲೇ ಕೂಗುತ್ತಿದ್ದರು.

"ಅಜ್ಜಿ, ಒತ್ತಬ್ಯಾಡ! ನೆತ್ತಿ ಇನ್ನೂ ಕೂಡಿಲ್ಲ. ಅದೇನು ರಾಗಿಮುದ್ದೆನಾ?"

"ಲೇ ರುಮಾಲಿನೋನೇ, ನಿನ್ನ ತಲೆ ಒತ್ತಿದ್ದೂ ಇದೇ ಕೈ!"

"ಅದ್ಕೇ ಹೇಳ್ತಿರೋದು!"

ಅಜ್ಜಿ ಸುಮ್ಮನಿರುವವಳಲ್ಲ. ಬಟ್ಟೆಯ ಸಿಂಬೆ ಮಾಡಿ ಕೂಸಿನ ತಲೆಯ ಕೆಳಗಿಟ್ಟಳು. ಮಾವ ಅದನ್ನೂ ತೆಗೆಸಿದರು. "ಸಿಂಬೆ ಇಡೋದು ಬಿಂದಿಗೆ ಕೆಳಗೆ. ಕೂಸಿನ ಮೂಗಿಗೆ ಅಡ್ಡ ಬಂದ್ರೆ ಉಸಿರಾಡೋದು ಹೆಂಗೆ? ಬರೀ ಹಾಸಿಗೆ ಸಾಕು" ಎಂದರು. ಅವಳು ಮುನಿಸಿಕೊಂಡು ಒಂದು ವಾರ ಆ ಬೀದಿಗೇ ಬರಲಿಲ್ಲ. ಆ ವಾರವಿಡೀ ಬೀದಿಯ ಕೂಸುಗಳಿಗೆ ಸ್ನಾನವೇ ಇಲ್ಲ! ಕೊನೆಗೆ ತಾಯಂದಿರೆಲ್ಲ ಸೇರಿ ಮಾವನಿಂದ ಅವಳಿಗೊಂದು ಕುಪ್ಪಸದ ಬಟ್ಟೆ ಕೊಡಿಸಿ ರಾಜಿ ಮಾಡಿಸಬೇಕಾಯಿತು.

ಇವನ್ನೆಲ್ಲ ನಾನೂ ನಗುತ್ತಾ ಕೇಳುತ್ತಿದ್ದೆ, ನನ್ನದೇ ಸರದಿ ಬರುವವರೆಗೆ. ನಿಜ ಹೇಳಬೇಕೆಂದರೆ ನಗುವುದರ ಜೊತೆಗೆ ನಾಚಿಕೆಯೂ ಆಗುತ್ತಿತ್ತು. ನನ್ನ ಗಂಡನ ಮನೆ ಹೊಸದುರ್ಗದಲ್ಲಿ. ಗಂಡ ಮಾರಿಕಣಿವೆಯಲ್ಲಿ ಗುಮಾಸ್ತರು. ಆಗ ಅಲ್ಲಿ ಮಹಾರಾಜರ ಸರ್ಕಾರ ನದಿಗೆ ಅಡ್ಡಲಾಗಿ ದೊಡ್ಡ ಕಟ್ಟೆ ಕಟ್ಟಿಸುತ್ತಿತ್ತು. ಅಂಥ ಮನೆಯವರಿಗೆ "ನಮ್ಮ ಮಾವ ಊರ ಕೂಸುಗಳ ತಲೆ ನೋಡ್ತಾ ತಿರುಗ್ತಾರೆ" ಎಂದು ಹೇಳಲಾಗುತ್ತದೆಯೇ? ರುಮಾಲಿನ ವ್ಯಾಪಾರ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ.

ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಮಗಳು ಹುಟ್ಟಿದಳು. ಮಾವನ ಮನೆ ಪಕ್ಕದಲ್ಲೇ. ಹೆಸರಿಡುವ ದಿನ ಎಲ್ಲರೂ ತೊಟ್ಟಿಲ ಹಾಡು ಹಾಡುತ್ತಿದ್ದರೆ ಮಾವ ತೊಟ್ಟಿಲಿನ ಕೆಳಗೆ ಬಗ್ಗಿ ನೋಡುತ್ತಿದ್ದರು. ಎರಡು ತಿಂಗಳಾಗುವ ಹೊತ್ತಿಗೆ ಅವರ ಮುಖ ಸಣ್ಣಗಾಯಿತು.

"ಅಕ್ಕಾ, ಕೂಸಿನ ಬಲಹಿಂದ್ಲೆ ತಟ್ಟೆ ಆಗ್ತಾ ಐತೆ" ಎಂದರು ನಮ್ಮವ್ವನಿಗೆ.

ನಾನು ಅಂಗೈ ಇಟ್ಟು ನೋಡಿದೆ. ಹೌದು! ಬಲಗಡೆ ಹಲಗೆಗೆ ಒತ್ತಿಟ್ಟ ಹಾಗೆ ಸಮತಟ್ಟು. ಹೆಣ್ಣುಕೂಸು. ಮುಂದೆ ಜಡೆ ಹೆಣೆಯುವ ತಲೆ. ಹೊಸದುರ್ಗದಿಂದ ನನ್ನ ಗಂಡನ ತಾಯಿ, ಅತ್ತೆಮ್ಮ, ಬಂದು ನೋಡಿದರೆ ಏನೆನ್ನುತ್ತಾರೋ!

ಮಾವ ಧೈರ್ಯ ಹೇಳಿ ಕೆಲಸಕ್ಕೆ ಇಳಿದರು. ತೊಟ್ಟಿಲಿನಲ್ಲಿ ಕೂಸಿನ ತಲೆ ಪೂರ್ವಕ್ಕಿತ್ತು, ಬಾಗಿಲು ಅವಳ ಬಲಕ್ಕೆ. ಬೀದಿಯ ಬೆಳಕು, ಬಂದುಹೋಗುವವರು ಎಲ್ಲ ಆ ಕಡೆಯೇ. "ಇವತ್ತು ತಲೆ ಪೂರ್ವಕ್ಕೆ, ನಾಳೆ ಪಶ್ಚಿಮಕ್ಕೆ. ದಿನಾ ತಿರುಗಿಸಿ ಮಲಗಿಸ್ರಿ. ಆಗ ಬಾಗಿಲು ಎಡಕ್ಕೆ ಬರ್ತೈತೆ. ಬಾಗಿಲು ನೋಡ್ಬೇಕಂದ್ರೆ ಕತ್ತು ತಾನೇ ಎಡಕ್ಕೆ ತಿರುಗ್ತೈತೆ" ಎಂದರು. ಉತ್ತರಕ್ಕೆ ತಲೆಯಿಡುವುದಿಲ್ಲವಲ್ಲ, ನಮ್ಮವ್ವನೂ ಒಪ್ಪಿದಳು. ಆದರೆ ಯಾವ ದಿನ ಯಾವ ದಿಕ್ಕು ಎಂಬುದು ಮಾವನಿಗೊಬ್ಬರಿಗೇ ಗೊತ್ತು! ಅವ್ವ ಕಣ್ಣು ಸರಿಯಾಗಿ ಕಾಣದೆ ಅಭ್ಯಾಸದಂತೆ ತೊಟ್ಟಿಲಿನ ಪೂರ್ವದ ತುದಿಗೆ ಹೋಗಿ, ಕೂಸಿನ ಅಂಗಾಲಿಗೆ ಅಕ್ಕರೆಯಿಂದ ಸಾಂಬ್ರಾಣಿ ಹೊಗೆ ಕೊಟ್ಟು, "ಕೂದಲು ಇನ್ನೂ ಬಂದೇ ಇಲ್ಲವಲ್ಲೇ!" ಎಂದಳು.

ಇಷ್ಟೆಲ್ಲ ಆದಮೇಲೂ ಕೂಸು ಎಡಕ್ಕೆ ತಿರುಗಲಿಲ್ಲ. ತಲೆ ಪಶ್ಚಿಮಕ್ಕಿಟ್ಟು ಮಲಗಿಸಿದ ದಿನ ಬಾಗಿಲನ್ನೂ ಬೆಳಕನ್ನೂ ಬಿಟ್ಟು, ಬಲಗಡೆಯ ಬೋಳುಗೋಡೆಯನ್ನೇ ನೋಡುತ್ತಾ ಮಲಗಿತು.

ನೀರೆರೆಯುವ ಅಜ್ಜಿ ಮೆಲ್ಲಗೆ, "ಎಡಗಿವಿ ಕೇಳಿಸ್ತೈತೋ ಇಲ್ವೋ" ಎಂದಳು. ನಾನು ಅಳಲು ಶುರುಮಾಡಿದೆ. ಮಾವ ಅಳಲಿಲ್ಲ, ನಗಲಿಲ್ಲ. ಅಡಿಗೆಮನೆಗೆ ಹೋಗಿ ಒಂದು ತಂಬಿಗೆ, ಒಂದು ಸೌಟು ತಂದು ಕೂಸಿನ ಎಡಗಡೆ ಕುಳಿತು ಮೆಲ್ಲಗೆ ಟಣ್ ಎನ್ನಿಸಿದರು. ಕೂಸಿನ ಕಣ್ಣುಗುಡ್ಡೆ ಎಡಕ್ಕೆ ಸರಿಯಿತು. ಮತ್ತೆ ಟಣ್. ಮತ್ತೆ ಕಣ್ಣು ಸರಿಯಿತು.

"ಕಿವಿ ಕೇಳ್ತೈತೆ ಕಣವ್ವ. ಕಣ್ಣು ಬಂತು, ಕತ್ತು ಬರ್ಲಿಲ್ಲ. ಅದಕ್ಕೆ ಎಡಕ್ಕೆ ತಿರುಗಬಾರದು ಅಂತಿಲ್ಲ, ತಿರುಗೋಕೆ ಆಗ್ತಿಲ್ಲ" ಎಂದರು. ಆಮೇಲೆ ತಂಬಿಗೆಯನ್ನು ನೆಲದ ಮೇಲಿಟ್ಟು, "ಇದು ನನ್ನ ಬುದ್ಧಿಗೆ ಮೀರಿದ್ದು. ದುರ್ಗದ ಆಸ್ಪತ್ರೆಗೆ ಹೋಗಾಣ" ಎಂದರು.

ಊರಿನಲ್ಲಿ ಗುಲ್ಲೆದ್ದಿತು. ಬಾಣಂತಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು, ಅಷ್ಟು ದೂರ, ಅದೂ ಕಾಯಿಲೆಯಿಲ್ಲದ ಕೂಸಿಗೆ! ಮಾವ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಡಿಗೆ ಹುಲ್ಲು ಹಾಕಿಸಿ, ಮೇಲೆ ಕಂಬಳಿ ಹಾಸಿದರು. ದಾರಿಯುದ್ದಕ್ಕೂ ಗಾಡಿ ಕುಲುಕಿದರೆ ಕೂಸಿನ ತಲೆಗೆ ಪೆಟ್ಟಾದೀತೆಂದು ತಮ್ಮ ಎದೆಯ ಮೇಲೆ ಒರಗಿಸಿಕೊಂಡೇ ಕುಳಿತಿದ್ದರು. ಐಮಂಗಲದಲ್ಲಿ ಇಳಿದು ಊಟ ಮಾಡುವಾಗಲೂ ಒಂದೇ ಕೈಯಲ್ಲಿ ಉಂಡರು.

ಆಸ್ಪತ್ರೆಯ ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಖಡಕ್ಕು. ಕೂಸಿನ ಕತ್ತನ್ನು ಬೆರಳಿನಿಂದ ಸವರುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದರು.

"ಇಲ್ಲಿ ಮುಟ್ಟಿ ನೋಡಮ್ಮ. ಹುರಿ ಬಿಗಿದ ಹಾಗಿದೆ. ಕೆಲವು ಮಕ್ಕಳು ಹುಟ್ಟುವಾಗಲೇ ಹೀಗಿರುತ್ತಾರೆ. ಕತ್ತು ಬಿಗಿ, ಅದಕ್ಕೆ ಒಂದೇ ಕಡೆ ಮಲಗುತ್ತೆ, ಅದಕ್ಕೆ ತಲೆ ಚಪ್ಪಟೆ. ಬೇಗ ಕರೆದುಕೊಂಡು ಬಂದಿರಿ, ಒಳ್ಳೆಯದಾಯಿತು. ಯಾರು ಕಂಡುಹಿಡಿದದ್ದು?"

ನಾನು ಮಾವನ ಕಡೆ ತೋರಿಸಿದೆ. ಡಾಕ್ಟರಮ್ಮ ಅವರನ್ನು ಮೇಲಿನಿಂದ ಕೆಳಗೆ ನೋಡಿದರು. "ನೀವು ವೈದ್ಯರೋ?"

"ಇಲ್ಲ ತಾಯಿ, ರುಮಾಲು ಮಾರ್ತೀನಿ."

ಆಮೇಲೆ ಅರ್ಧ ಗಂಟೆ ಡಾಕ್ಟರಮ್ಮ ಹೇಳಿದ್ದು ನನಗಲ್ಲ, ಮಾವನಿಗೆ! ಕತ್ತನ್ನು ಎಷ್ಟು ನಯವಾಗಿ, ಎಷ್ಟು ಹೊತ್ತು ತಿರುಗಿಸಿ ಹಿಡಿಯಬೇಕು, ಎಲ್ಲಿ ಬಲ ಹಾಕಬಾರದು ಎಂಬುದನ್ನು ಕೈ ಹಿಡಿದು ಕಲಿಸಿದರು. ನಿದ್ದೆಗೆ ಅಂಗಾತವೇ ಮಲಗಿಸಿ, ಎಚ್ಚರವಿದ್ದಾಗ ಯಾರಾದರೂ ಎದುರಿಗೆ ಕುಳಿತು ದಿನಕ್ಕೆ ನಾಲ್ಕಾರು ಸಲ ಬೋರಲು ಮಲಗಿಸಿ ಎಂದರು. "ಹೀಗೆ ಮಾಡಿದರೆ ತಲೆ ತಾನಾಗಿ ತುಂಬಿಕೊಳ್ಳುತ್ತೆ. ಅಷ್ಟಿಷ್ಟು ಉಳಿದರೂ ಚಿಂತೆ ಬೇಡ, ಕೂದಲು ಬೆಳೆದಮೇಲೆ ಯಾರ ಕಣ್ಣಿಗೂ ಕಾಣುವುದಿಲ್ಲ."

"ನನ್ನ ಕಣ್ಣಿಗೆ ಕಾಣ್ತೈತಲ್ಲ ತಾಯಿ!" ಎಂದರು ಮಾವ. ಡಾಕ್ಟರಮ್ಮ ಮೊದಲ ಸಲ ನಕ್ಕರು.

ಹಿಂತಿರುಗಿದ ಮೇಲೆ ಮಾವನ ಅಂಗಡಿಯ ಗಾದಿ ನನ್ನ ಮಗಳದಾಯಿತು. ಬೋರಲು ಹಾಕಿದರೆ ಕೂಸು ಮೂಗನ್ನು ಗಾದಿಗೆ ಒತ್ತಿ ಅರಚುತ್ತಿತ್ತು. ಮಾವ ಏನು ಮಾಡಿದರು ಗೊತ್ತೇ? ಐವತ್ತು ದಾಟಿದ, ಹೊಟ್ಟೆ ಬಂದ ಆ ಮಹಾನುಭಾವರು ತಾವೂ ಅವಳ ಎದುರಿಗೆ, ಪೇಟೆಬೀದಿಗೆ ಕಾಣುವ ಹಾಗೆ, ಬೋರಲು ಮಲಗಿಬಿಟ್ಟರು! ಮೂಗಿಗೆ ಮೂಗು ತಾಗುವಷ್ಟು ಹತ್ತಿರ. "ಎತ್ತು ತಾಯಿ, ತಲೆ ಎತ್ತು, ನನ್ನವ್ವ, ಒಂದೇ ಒಂದು ಸಲ!" ಎಂದು ಬೇಡಿಕೊಳ್ಳುತ್ತಿದ್ದರು. ಕಂದಾಯ ವಸೂಲಿಯ ಶೇಕದಾರರು ರುಮಾಲು ಕೊಳ್ಳಲು ಬಂದವರು, ಬಾಗಿಲಿನಿಂದ ಮಾವನ ಅಂಗಾಲನ್ನೂ ಆ ಮಾತನ್ನೂ ಕಂಡು ಕೇಳಿ, ಒಳಗೆ ಯಾವುದೋ ದೇವಿಯ ಪೂಜೆ ನಡೆದಿದೆಯೆಂದು ಜೋಡು ಕಳಚಿಟ್ಟು ಕೈಮುಗಿದು ನಿಂತರು! ದೇವಿ ಅಷ್ಟರಲ್ಲಿ ಗಾದಿಯ ಮೇಲೇ ಅಭಿಷೇಕ ಮಾಡಿದ್ದಳು.

ಸ್ನಾನವಾದ ಮೇಲೆ ಕತ್ತು ತಿರುಗಿಸುವ ಕೆಲಸ ಮಾತ್ರ ನಗುವಂಥದ್ದಾಗಿರಲಿಲ್ಲ. ಕೂಸು ಅಳುತ್ತಿತ್ತು, ನಾನು ಮುಖ ಮುಚ್ಚಿಕೊಳ್ಳುತ್ತಿದ್ದೆ. ಊರ ತಲೆಗಳನ್ನೆಲ್ಲ ಬಿಗಿಯಾಗಿ ಸುತ್ತಿದ ಆ ಕೈ ಅಷ್ಟು ಹಗುರವಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಒಂದು ದಿನವೂ ಅವರು ತಪ್ಪಿಸಲಿಲ್ಲ. ನೀರೆರೆಯುವ ಅಜ್ಜಿಯೇ ಒಮ್ಮೆ, "ಗಂಡಸಾಗಿ ಹುಟ್ಟಿ ಕೆಟ್ಟೆ ಕಣಲೇ ನೀನು. ಇಲ್ಲದಿದ್ರೆ ನನ್ನ ಕೆಲಸ ನಿನಗೆ ಕೊಟ್ಟು ಹೋಗ್ತಿದ್ದೆ" ಎಂದಳು. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ.

ಐದನೆಯ ತಿಂಗಳಿಗೆ ಅತ್ತೆಮ್ಮ ಹೊಸದುರ್ಗದಿಂದ ಬಂದರು, ನನ್ನನ್ನೂ ಮಗುವನ್ನೂ ಕರೆದೊಯ್ಯಲು. ನಮ್ಮ ಅತ್ತೆಮ್ಮ ಬದನೆಕಾಯಿ ಕೊಳ್ಳುವಾಗಲೂ ತೊಟ್ಟು ತಿರುಗಿಸಿ ಹುಳುಕು ಹುಡುಕುವವರು. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಲ ಬೆರಳಿನಿಂದ ಶುರುಮಾಡಿದರು. ಮಾವ ಕಂಬದ ಮರೆಯಲ್ಲಿ ನಿಂತಿದ್ದರು. ಅತ್ತೆಮ್ಮನ ಅಂಗೈ ತಲೆಯ ಹಿಂದಕ್ಕೆ ಹೋಯಿತು. ನಿಂತಿತು.

"ಬಲಗಡೆ ಒಂಚೂರು ತಟ್ಟೆ ಇದ್ದಂಗೈತಲ್ಲ?"

ಸುಳ್ಳೇಕೆ ಹೇಳಲಿ, ತಲೆ ಪೂರ್ತಿ ತುಂಬಿರಲಿಲ್ಲ. ಮಾವ ಮುಂದೆ ಬಂದು ಕೈಮುಗಿದು, "ಐತೆ ತಾಯಿ. ಮುಂಚೆ ಮೂರರಷ್ಟಿತ್ತು. ಇನ್ನು ಆರು ತಿಂಗಳು ನಾನು ಹೇಳಿದಂಗೆ ಮಾಡಿದ್ರೆ ಅದೂ ಇರಲ್ಲ. ಹೊಸದುರ್ಗದ ಮನೇಲಿ ತೊಟ್ಟಿಲು ಯಾವ ದಿಕ್ಕಿಗೆ ಕಟ್ತೀರಿ?" ಎಂದರು.

ಬೀಗರ ಮುಂದೆ ಇಂಥ ಮಾತೇ! ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತೆಮ್ಮ ಮಾವನನ್ನು ದುರುಗುಟ್ಟಿ ನೋಡಿದರು.

"ನನ್ನ ಮಗ ಹುಟ್ಟಿದಾಗ ನೀವೆಲ್ಲಿದ್ರಿ? ಅವನ ತಲೆ ಹಿಂದೆ ರೊಟ್ಟಿ ಬಡೀಬೋದು!"

"ನೋಡೀನಿ ತಾಯಿ. ಮದುವೇಲಿ ಬಾಸಿಂಗ ಕಟ್ಟುವಾಗಲೇ ನೋಡೀನಿ. ಮುಹೂರ್ತ ಹತ್ತಿರ ಬಂದಿತ್ತು ಅಂತ ಸುಮ್ಮನಾದೆ."

ಅತ್ತೆಮ್ಮ ನಕ್ಕುಬಿಟ್ಟರು! ಆ ನಗು ಬಂದದ್ದು ತೊಡೆಯ ಮೇಲೆ ಅಡ್ಡಲಾಗಿ ಕುಳಿತಿದ್ದ ಮಗುವಿನ ಎಡಗಡೆಯಿಂದ. ಹೊಸ ದನಿಯಲ್ಲವೇ? ಮಗು ಅತ್ತ ಕತ್ತು ಹೊರಳಿಸಿತು. ಕಣ್ಣಷ್ಟೇ ಅಲ್ಲ, ಕತ್ತು ಪೂರ್ತಿ, ಗಲ್ಲ ಭುಜಕ್ಕೆ ತಾಗುವ ಹಾಗೆ, ಸಲೀಸಾಗಿ. ಅತ್ತೆಮ್ಮನಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. ಮಾವ ಮಾತ್ರ ದಡದಡನೆ ಹಿತ್ತಿಲಿಗೆ ಹೋದರು. ನಾನು ಹೋಗಿ ನೋಡಿದರೆ ಬಾವಿಕಟ್ಟೆಯ ಹತ್ತಿರ ನಿಂತು ಹೊಸ ರುಮಾಲಿನ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು.

ನಾವು ಹೊರಟುಹೋದೆವು. ಮಗಳಿಗೆ ವರ್ಷ ತುಂಬಿದ ಮೇಲೆ ಗಂಡನ ಜೊತೆ ಮಾರಿಕಣಿವೆಯಲ್ಲೇ ಬಿಡಾರ ಹೂಡಿದೆ. ಮಾವನ ಸುದ್ದಿ ಹಿರಿಯೂರಿನ ಅತ್ತೆಯಿಂದ ಬರುತ್ತಿತ್ತು: ವ್ಯಾಪಾರಕ್ಕೆಂದು ಗಂಟು ಹೊತ್ತು ಹೋಗುತ್ತಾರಂತೆ, ನಾಲ್ಕೈದು ದಿನ ಬರುವುದಿಲ್ಲವಂತೆ, ಒಂದು ರುಮಾಲೂ ಮಾರಿರುವುದಿಲ್ಲವಂತೆ.

ಒಂದು ಮಧ್ಯಾಹ್ನ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಗಂಡನಿಗೆ ಬುತ್ತಿ ಕೊಂಡೊಯ್ಯುತ್ತಿದ್ದೆ. ಕಟ್ಟೆಯ ಕೆಲಸದ ಜಾಗವೆಂದರೆ ಕಲ್ಲಿನ ಸದ್ದು, ಗಾರೆಯ ಧೂಳು, ಬುಟ್ಟಿ ಹೊತ್ತ ಹೆಂಗಸರ ಸಾಲು. ಅವರ ಕೂಸುಗಳು ಬೆಳಗಿನಿಂದ ಸಂಜೆಯವರೆಗೆ ಮರದ ನೆರಳಿನಲ್ಲಿ ಹಾಸಿದ ಹರಕಿನ ಮೇಲೋ, ಕೊಂಬೆಗೆ ಕಟ್ಟಿದ ಜೋಲಿಯಲ್ಲೋ ಮಲಗಿರುತ್ತಿದ್ದವು. ದಾರಿಯಲ್ಲಿ ಪರಿಚಯದ ಓವರ್ಸಿಯರ್ ಒಬ್ಬರು ಸಿಕ್ಕಿ, ಹೊಂಗೆಮರದ ಕಡೆ ಕೈ ತೋರಿಸಿ, "ಅಲ್ನೋಡಿ ತಾಯಿ, ಯಾರೋ ಹುಚ್ಚುಮುದುಕ. ವ್ಯಾಪಾರಕ್ಕೆ ಅಂತ ಬರ್ತಾನೆ, ಕೂಲಿಯವರ ಕೂಸು ಕಾಯ್ತಾ ಕೂರ್ತಾನೆ" ಎಂದರು.

ನೋಡಿದೆ. ಮರದ ಕೆಳಗೆ ಜರಿಯಂಚಿನ ಕೆಂಪು ರುಮಾಲೊಂದನ್ನು ಉದ್ದಕ್ಕೆ ಬಿಚ್ಚಿ ಹಾಸಿತ್ತು. ಅದರ ಮೇಲೆ ಆರು ಕೂಸುಗಳು ಸಾಲಾಗಿ ಬೋರಲು. ಎದುರಿಗೆ ಒಬ್ಬರು ತಾವೂ ಬೋರಲು ಮಲಗಿ ಒಂದೊಂದರ ಮುಖದ ಮುಂದೂ ಹೂಂಕರಿಸುತ್ತಾ ತೆವಳುತ್ತಿದ್ದರು.

"ಹುಚ್ಚುಮುದುಕ ಅಲ್ರೀ" ಎಂದೆ, ದಾರಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ. "ಅವರು ನಮ್ಮ ಸೋದರಮಾವ!"

ಹತ್ತಿರ ಹೋಗುವಷ್ಟರಲ್ಲಿ ಕೆಲಸದ ನಡುವೆ ಬಿಡುವು ಸಿಕ್ಕಿತ್ತು. ಒಬ್ಬ ಹುಡುಗಿ, ಹದಿನೇಳೂ ತುಂಬಿರಲಿಕ್ಕಿಲ್ಲ, ತೆಲುಗು ಸೀಮೆಯ ಕಡೆಯವಳು, ಗಾರೆ ಮೆತ್ತಿದ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾ ಓಡಿಬಂದಳು. ತನ್ನ ಕೂಸಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಪಾಠ ಒಪ್ಪಿಸುವವಳ ಹಾಗೆ ಕೇಳಿದಳು:

"ತಾತಾ, ಇವತ್ತು ಯಾವ ಕಡೆ ತಿರುಗಿಸಿ ಮಲಗಿಸ್ಲಿ?"

ಮಾವ ಎದ್ದು ಕುಳಿತು ಕೂಸನ್ನು ಎತ್ತಿ ಅವಳ ತೋಳಿಗೆ ಕೊಟ್ಟರು.

"ಮಲಗಿಸಬ್ಯಾಡ ಕಣವ್ವ. ಬೆಳಗಿನಿಂದ ಅದು ನಿನ್ನ ಕಂಡಿಲ್ಲ. ಸುಮ್ನೆ ಎತ್ಕಂಡು ಕುಂತ್ಕ."